ನೀನಿದ್ದ ಸಿನಿಮಾ ಬಂದು ಹೋಯಿತು

ಶಾಂತಾಳ ಅವ್ವನಿಗೆ,

ನೀನು ಮೊದಲ ಸಲ ಆ ಸುದ್ದಿ ಹೇಳಿದ ದಿನ ನನಗೆ ಚೆನ್ನಾಗಿ ನೆನಪಿದೆ. ನಾನು ಸ್ಟೇಷನ್ನಿಂದ ಬಂದು ಅಂಗಿ ಕಳಚಿ ಇನ್ನೂ ಗೂಟಕ್ಕೆ ಹಾಕಿರಲಿಲ್ಲ, ನೀನು ಒಲೆಯ ಮುಂದಿನಿಂದಲೇ ಶುರು ಮಾಡಿದೆ. ಮುಂಬಯಿಯ ಸಿನಿಮಾ ಕಂಪನಿಯೊಂದು ಮಳಖೇಡದ ಕೋಟೆಗೆ ಬಂದಿದೆಯಂತೆ, ಕೋಟೆ ಬಾಗಿಲಲ್ಲಿ ನೀರು ಹೊರುವ ಹೆಂಗಸರು ಬೇಕಂತೆ, ಪಕ್ಕದ ಮನೆಯ ಮಹಬೂಬಿ ಚಾಚಿಯ ತವರು ಅಲ್ಲೇ ಇರುವುದರಿಂದ ಅವಳು ಹೋಗುತ್ತಾಳಂತೆ, ಅವಳ ಜೊತೆ ನೀನೂ... ಅಲ್ಲಿಗೆ ನಿಲ್ಲಿಸಿದೆ. ನಾನು ಸಿಡುಕಿದೆ. ನನ್ನ ಸಿಡುಕು ನಿನಗೆ ಹೊಸದೇನು? ರೈಲ್ವೆ ಬಾಬುವಿನ ಹೆಂಡತಿ ಸಿನಿಮಾದಲ್ಲಿ ಕುಣಿದಳು ಎಂದು ಇಡೀ ವಾಡಿ ಊರು ಆಡಿಕೊಳ್ಳುತ್ತದೆ ಎಂದೆ. ನೀನು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೇ ಇಲ್ಲ. "ಕುಣಿಯೋದೇನಿಲ್ರಿ, ನೀರು ಹೊರೋದಷ್ಟೇ. ದಿನಾ ಹೊರ್ತೀನಿ, ಯಾರೂ ನೋಡಂಗಿಲ್ಲ. ಒಂದಿನ ನೋಡ್ಲಿ ಬಿಡ್ರಿ" ಅಂದೆ. ಮರುದಿನ ಬೆಳಗಿನ ಗಾಡಿಗೆ ನಿಮ್ಮಿಬ್ಬರನ್ನೂ ನಾನೇ ಹತ್ತಿಸಿ ಬಂದೆ.

ಅಂದು ಸಂಜೆ ನೀನು ಗಾಡಿ ಇಳಿದಾಗ ಕುತ್ತಿಗೆಯ ಮೇಲೆ ಬಿಳಿ ಪೌಡರು ಹಾಗೇ ಉಳಿದಿತ್ತು. ಪ್ಲಾಟ್‌ಫಾರ್ಮಿನ ಜನವೆಲ್ಲ ನೋಡುತ್ತಿದ್ದಾರೆ, ಒರೆಸಿಕೋ ಎಂದರೆ ನೀನು ಕೇಳಲಿಲ್ಲ. ಎಲ್ಲ ಹೆಂಗಸರಿಗೂ ಒಂದೇ ತರದ ಸೀರೆ ಉಡಿಸಿದ್ದರಂತೆ, ಒಂದೇ ತರದ ಹಿತ್ತಾಳೆ ಕೊಡ ಕೊಟ್ಟಿದ್ದರಂತೆ. ಬಿಸಿಲಲ್ಲಿ ಅದೇ ಬಾಗಿಲಿಂದ ಅದೇ ದಾರಿಯಲ್ಲಿ ನಡೆಸಿದ್ದೇ ನಡೆಸಿದ್ದು, ಒಮ್ಮೆ ನಿನ್ನನ್ನು ಮುಂದೆ ನಿಲ್ಲಿಸಿ, ಇನ್ನೊಮ್ಮೆ ಹಿಂದೆ ತಳ್ಳಿ. ಕೊಡದಲ್ಲಿ ನೀರೇ ಇರಲಿಲ್ಲ ಎಂಬುದು ನಿನಗೆ ಬಹಳ ತಮಾಷೆಯಾಗಿತ್ತು. ಖಾಲಿ ಕೊಡ ಹೊತ್ತು ಇಷ್ಟು ದಣಿದದ್ದು ಇದೇ ಮೊದಲು ಅಂದೆ. ಸಿನಿಮಾದ ಹೆಸರು "ಕಿಲ್ಲೇದಾರ್ ಕೀ ಬೇಟಿ", ಕೋಟೆಯ ಒಡೆಯನ ಮಗಳು, ಎಂದು ಕಂಪನಿಯವರು ಹೇಳಿದ್ದರು. ದೀಪಾವಳಿಗೆ ಬರುತ್ತದೆ ಎಂದೂ ಹೇಳಿದ್ದರು.

ಆಮೇಲೆ ಈ ಸೀಮೆಗೆ ಹಿಡಿದ ಹುಚ್ಚು ನೆನೆದರೆ ಈಗಲೂ ನಗು ಬರುತ್ತದೆ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಒಡೆಯುವ ಖಣಿಯ ಆಳುಗಳು ಆ ಸಿನಿಮಾದಲ್ಲಿ ಸಿಪಾಯಿಗಳಾಗಿದ್ದರು. ಚಿತ್ತಾಪುರದ ಟಾಂಗಾ ಕುದುರೆಯೊಂದು ಕಿಲ್ಲೇದಾರನ ಕುದುರೆಯಾಗಿತ್ತು. ಅದರ ಯಜಮಾನ ಅಂದಿನಿಂದ ಟಾಂಗಾದಲ್ಲಿ ಉಪ್ಪಿನ ಚೀಲ ಹೇರುವುದನ್ನೇ ಬಿಟ್ಟ. ಸೇಡಂ ಬಜಾರಿನಲ್ಲಿ, ಕಾಳಗಿಯ ಸಂತೆಯಲ್ಲಿ, ಎಲ್ಲಿ ನಿಂತರೂ ಅದೇ ಮಾತು. ಮುಂದೆ ಬರುವ ಸಿನಿಮಾಗಳಲ್ಲೆಲ್ಲ ದೊಡ್ಡದು ನಮ್ಮದೇ, ಸಾವಿರ ಕುದುರೆಗಳಿವೆ, ಕೊನೆಗೆ ಕೋಟೆಗೆ ನಿಜವಾಗಿಯೂ ಬೆಂಕಿ ಹಚ್ಚಿದ್ದಾರೆ! ಕೋಟೆ ಇದ್ದ ಹಾಗೇ ಇದೆ ಎಂದು ಮಳಖೇಡದವರು ಹೇಳಿದರೆ ಅವರನ್ನೇ ಬೈಯುತ್ತಿದ್ದರು. ರಜಾಕಾರರ ಗದ್ದಲದಲ್ಲಿ ದೀಪ ಆರಿಸಿ ಕೂತಿದ್ದ ಜನ, ಕಾಯಲು ಒಳ್ಳೆಯದೊಂದು ಸಿಕ್ಕಿತಲ್ಲ ಎಂದು ಮೈಮರೆತಿದ್ದರು. ಹೈದರಾಬಾದಿನಿಂದ ಬರುವ ಸಿನಿಮಾ ಪೆಟ್ಟಿಗೆಗಳೆಲ್ಲ ವಾಡಿಯಲ್ಲೇ ಗಾಡಿ ಬದಲಿಸಬೇಕು, ಪಾರ್ಸಲ್ ಬಾಬುವಾದ ನನ್ನ ಕೈ ದಾಟಿಯೇ ಹೋಗಬೇಕು. ಹಾಗಾಗಿ ಗಾಡಿ ಇಳಿದವರು, ಹತ್ತುವವರು, ಚಹಾದವನು, ಪೊಲೀಸಿನವನು, ಎಲ್ಲರೂ ಕಿಟಕಿಯಲ್ಲಿ ತಲೆ ಹಾಕಿ "ಬಂತೇನ್ರಿ ಬಾಬು?" ಎಂದು ಕೇಳುವುದು. ಕೇಳಿ ಕೇಳಿ ನನಗೆ ತಲೆ ಕೆಟ್ಟು ಹೋಗುತ್ತಿತ್ತು. ಮನೆಗೆ ಬಂದರೆ ನೀನೂ ಅದನ್ನೇ ಕೇಳುತ್ತಿದ್ದೆ.

ಒಂದು ದೀಪಾವಳಿ ಹೋಯಿತು, ಸಿನಿಮಾ ಬರಲಿಲ್ಲ. ಮರುವರ್ಷದ ಮಳೆಗಾಲದಲ್ಲಿ ನಿನಗೆ ಜ್ವರ ಬಂತು. ಶಹಾಬಾದಿನ ಡಾಕ್ಟರು ಬಂದರು, ಗುಲಬರ್ಗಾದ ಔಷಧಿ ಬಂತು, ನಿನ್ನ ಜ್ವರ ಇಳಿಯಲಿಲ್ಲ. ಕೊನೆಗೆ ನಿನಗೆ ಮಾತಾಡಲೂ ತ್ರಾಣ ಇರಲಿಲ್ಲ. ಅಷ್ಟರಲ್ಲೂ ಕೂಸಿನ ಕಡೆ ಕೈ ಮಾಡಿ, "ಸಿನಿಮಾ ಬಂದಾಗ ಶಾಂತಾಗ ತೋರಿಸ್ರಿ. ಇಲ್ಲಂದ್ರ ಆಕಿಗಿ ನಾ ಹ್ಯಾಂಗಿದ್ದೆ ಅಂತ ಗೊತ್ತಾಗಂಗಿಲ್ಲ" ಅಂದೆ. ನಿನಗೆ ಗೊತ್ತಿತ್ತಲ್ಲ, ನಿನ್ನದೊಂದು ಫೋಟೋ ಕೂಡ ನಮ್ಮಲ್ಲಿಲ್ಲ ಎಂದು? ಗುಲಬರ್ಗಾಕ್ಕೆ ಹೋದಾಗ ತೆಗೆಸೋಣ ಎಂದು ಎಷ್ಟು ಸಲ ಅಂದುಕೊಂಡೆವು. ಒಮ್ಮೆ ಕೂಸಿಗೆ ನೆಗಡಿ, ಒಮ್ಮೆ ನನಗೆ ರಜೆ ಇಲ್ಲ, ಒಮ್ಮೆ ಸ್ಟುಡಿಯೋ ಬಾಗಿಲಿಗೆ ಬೀಗ... ಆಗಲಿ, ಇನ್ನೇನು ಅವಸರ, ಅಂದುಕೊಂಡೆವು.

ಶಾಂತಾ ಮಾತು ಕಲಿತ ಮೇಲೆ ಒಂದು ದಿನ, ಅವ್ವ ಹೇಗಿದ್ದಳು ಎಂದು ಕೇಳಿದಳು. ಬೆಳ್ಳಗಿದ್ದಳಾ, ಕಪ್ಪಗಿದ್ದಳಾ? ಗೋಧಿ ಬಣ್ಣ ಎಂದೆ. ಮೂಗು? ಒಳ್ಳೆಯ ಮೂಗು. ಕಣ್ಣು? ನಿನ್ನ ಕಣ್ಣು ಹೇಗಿತ್ತು ಎಂದು ಹೇಳಲು ಬಾಯಿ ತೆರೆದೆ, ಏನೂ ಬರಲಿಲ್ಲ. ನಿನ್ನ ಧ್ವನಿ ಇತ್ತು, ರೊಟ್ಟಿ ಬಡಿಯುವ ಕೈ ಇತ್ತು, ಮುಖದ ಜಾಗ ಮಾತ್ರ ಖಾಲಿ. ಯಾರಿಗಾದರೂ ಹೀಗಾಗುತ್ತದೆಯೇ? ಜೊತೆಗೆ ಬಾಳಿದವಳ ಮುಖ ಗಂಡನಿಗೆ ಮರೆತು ಹೋಗುತ್ತದೆಯೇ? ನನಗೆ ನನ್ನ ಮೇಲೇ ಅಸಹ್ಯವಾಯಿತು. "ಸಿನಿಮಾ ಬರ್ತದ, ನೀನೇ ನೋಡಿಯಂತ" ಎಂದು ಶಾಂತಾಳಿಗೆ ಹೇಳಿ ಎದ್ದು ಹೋದೆ. ಅವತ್ತಿನಿಂದ ಮಗಳೂ ಕಾಯತೊಡಗಿದಳು. ನಾನಂತೂ ಊರಿನವರೆಲ್ಲರಿಗಿಂತ ಹೆಚ್ಚು ಕಾಯುತ್ತಿದ್ದೆ.

ಖಣಿಯ ಹಣಮಂತ ಬಂದದ್ದು ಕೆಲವು ವರ್ಷಗಳ ಮೇಲೆ, ಒಂದು ಸೋಮವಾರ. ಆ ಸಿನಿಮಾದಲ್ಲಿ ಸಿಪಾಯಿಯಾಗಿ ಕೋಟೆಯಿಂದ ಬಿದ್ದು ಸತ್ತವನು ಅವನು. ಓಡಿ ಬಂದಿದ್ದ, ಉಸಿರು ಹತ್ತಿತ್ತು. "ಬಾಬು, ನಾ ಸಾಯೋದು ನೋಡಿ ಬಂದೀನ್ರಿ" ಅಂದ. ನನಗೆ ಅರ್ಥವಾಗಲಿಲ್ಲ. ಹಿಂದಿನ ದಿನ ಮಳೆ ಬಂತೆಂದು ಶಹಾಬಾದಿನ ಟಾಕೀಸಿನೊಳಗೆ ನುಗ್ಗಿದನಂತೆ. ಯಾವುದೋ ಪ್ರೇಮದ ಸಿನಿಮಾ, "ದೋ ಕಬೂತರ್" ಎಂದು ಹೆಸರು, ಖುರ್ಚಿಗಳೆಲ್ಲ ಖಾಲಿ. ಅರ್ಧಕ್ಕೆ ಎದ್ದು ಹೊರಡಬೇಕು, ಅಷ್ಟರಲ್ಲಿ ಪರದೆಯ ಮೇಲೆ ಮಳಖೇಡದ ಕೋಟೆ! ಯುದ್ಧದ ಸಿನಿಮಾ ಓಡುವುದಿಲ್ಲ ಎಂದು ಯಾರಿಗೆ ಅನ್ನಿಸಿತೋ, ಕುದುರೆಗಳ ದೃಶ್ಯಗಳನ್ನು ಬಹುಪಾಲು ಕತ್ತರಿಸಿ, ಹಾಡು ಸೇರಿಸಿ, ಹೆಸರೇ ಬದಲಿಸಿಬಿಟ್ಟಿದ್ದರು. ಅದೇ ಕಡೆಯ ಆಟ. ಬೆಳಿಗ್ಗೆಯ ಗಾಡಿಗೆ ಪೆಟ್ಟಿಗೆ ಗುಲಬರ್ಗಾ ಕಡೆಗೆ ಹೊರಟು ಹೋಗಿತ್ತು.

ಆ ಪೆಟ್ಟಿಗೆ ನನಗೆ ಗೊತ್ತಿತ್ತು. ಬಿಳಿ ಬಣ್ಣದಲ್ಲಿ "ದೋ ಕಬೂತರ್" ಎಂದು ಬರೆದಿದ್ದ ತಗಡಿನ ಪೆಟ್ಟಿಗೆ ಹಿಂದಿನ ವಾರ ನನ್ನ ಆಫೀಸಿನಲ್ಲಿ ಒಂದಿಡೀ ದಿನ ಬಿದ್ದಿತ್ತು. ಗಾಡಿ ತಡವಾಗಿತ್ತು, ಅದನ್ನು ಕಾಲಿನಿಂದ ಮೂಲೆಗೆ ತಳ್ಳಿ, ಅದರ ಮೇಲೇ ಕೂತು ನಾನು ರೊಟ್ಟಿ ತಿಂದೆ. ಶಾಂತಾ ಬುತ್ತಿ ತಂದವಳು, ಅದರ ಮೇಲೆ ಹತ್ತಿ ಕಾಲು ಆಡಿಸುತ್ತ, ನಮ್ಮ ಸಿನಿಮಾ ಯಾವಾಗ ಬರುತ್ತದೆ ಎಂದು ಕೇಳಿದಳು. ಬರುತ್ತದೆ ಎಂದು ಹೇಳಿ ಕಳಿಸಿದೆ. ನೀನು ಅದರೊಳಗಿದ್ದೆ. ನಿನ್ನ ಮೇಲೆ ಕೂತು ನಾವಿಬ್ಬರೂ ನಿನ್ನನ್ನು ಕಾಯುತ್ತಿದ್ದೆವು. ದೇವರಿಗೆ ಇದಕ್ಕಿಂತ ಕ್ರೂರವಾದ ತಮಾಷೆ ಹೊಳೆಯಲಿಲ್ಲವೇ?

ಊರಿನ ಜನ ಎರಡು ದಿನ ಕಂಪನಿಯವರನ್ನು ಬೈದರು, ಮೂರನೇ ದಿನ ಮತ್ತೊಂದು ಸಿನಿಮಾದ ಮಾತು ಎತ್ತಿದರು. ಟಾಕೀಸಿನ ಗೋಡೆಯ ಮೇಲೆ ಬರಲಿರುವ ಚಿತ್ರಗಳ ಹೆಸರಿಗೇನು ಬರವೇ? ನಾನು ಮಾತ್ರ ಆ ಪೆಟ್ಟಿಗೆಯ ಬೆನ್ನು ಬಿದ್ದೆ. ಗಾರ್ಡುಗಳ ಕೈ ಹಿಡಿದು ಕೇಳಿಕೊಂಡೆ, ರಾಯಚೂರಿನ ಬಾಬುವಿಗೆ ಹೇಳಿ ಕಳಿಸಿದೆ, ತಾಂಡೂರಿನವನಿಗೆ ಹೇಳಿ ಕಳಿಸಿದೆ. ಅಲ್ಲಿದೆ ಎಂದು ಸುದ್ದಿ ಬರುವಷ್ಟರಲ್ಲಿ ಅದು ಅಲ್ಲಿಂದ ಹೊರಟಿರುತ್ತಿತ್ತು. ಸ್ಟೇಷನ್ನಿನ ಸಾಹೇಬರು ನನ್ನನ್ನು ಕರೆದು, ಏನಯ್ಯಾ, ಸಿನಿಮಾದ ಹುಚ್ಚು ಹಿಡಿದಿದೆಯಂತೆ, ಎಂದು ಗದರಿದರು. ಹೌದು ಎಂದೆ. ಜೋಳದ ರಾಶಿ ಮುಗಿದ ಮೇಲೆ ಸುದ್ದಿ ಸಿಕ್ಕಿತು. ಹಳೆಯದಾಗಿ, ಯಾರಿಗೂ ಬೇಡವಾಗಿ, ಅದು ಚಿಂಚೋಳಿ ಕಡೆಯ ಸುಲೇಪೇಟೆಯ ಟೆಂಟಿಗೆ ಬಂದಿತ್ತು.

ಹೊರಡುವ ಹಿಂದಿನ ದಿನ ಮಹಬೂಬಿ ಚಾಚಿಯನ್ನೂ ಜೊತೆಗೆ ಬಾ ಎಂದು ಕರೆದೆ. ನೀನು ಯಾರೆಂದು ಅವಳು ಬೆರಳು ಮಾಡಿ ತೋರಿಸಬಲ್ಲಳು ಎಂಬ ಆಸೆ ನನಗೆ. ಅವಳು, "ಆಕಿನ್ನ ಮಣ್ಣಿಗಿ ಕಳಿಸಿದ ಕಣ್ಣಿಲೆ ಆಕಿ ನಡಿಯೋದು ಹ್ಯಾಂಗ ನೋಡಲ್ರಿ ಬಾಬು? ನನ್ನ ಕೈಲಿ ಆಗಂಗಿಲ್ಲ" ಎಂದು ಒಳಗೆ ಹೋದಳು. ನಾನು ಒತ್ತಾಯ ಮಾಡಲಿಲ್ಲ. ನನ್ನ ಹೆಂಡತಿಯನ್ನು ನಾನು ಗುರುತಿಸಲಾರೆನೇ ಎಂಬ ಜಂಬವೂ ಒಂದಿಷ್ಟು ಇತ್ತೆನ್ನು.

ಸುಲೇಪೇಟೆಗೆ ನಾವು ತಲುಪಿದಾಗ ಟೆಂಟಿನ ಮುಂದೆ ಗ್ರಾಮಫೋನು ಹಾಡುತ್ತಿತ್ತು. ಶಾಂತಾ ಹೊಸ ಲಂಗ ಹಾಕಿಕೊಂಡಿದ್ದಳು. ಅವ್ವನ ಮುಂದೆ ಹಳೆಯದು ಹಾಕಿಕೊಳ್ಳುವುದಿಲ್ಲ ಎಂದು ಹಟ ಮಾಡಿದ್ದಳು. ಅವಳನ್ನು ಗಂಡಸರ ಕಡೆಯೇ ತೊಡೆಯ ಮೇಲೆ ಕೂರಿಸಿಕೊಂಡೆ. ಸವೆದ ರೀಲು, ಪರದೆಯ ತುಂಬ ಗೀರು, ಎಲ್ಲಿ ಹರಿದಿತ್ತೋ ಅಲ್ಲೆಲ್ಲ ಕತ್ತರಿಸಿ ಅಂಟಿಸಿದ್ದರು. ಹಾಡು ಬಂತು, ಹೋಯಿತು. ಆಮೇಲೆ ಕೋಟೆ ಬಂತು. ಶಾಂತಾ, ಕಣ್ಣು ಮಿಟುಕಿಸಬೇಡ, ಎಂದೆ. ಬಾಗಿಲು ತೆರೆಯಿತು, ಹೆಂಗಸರು ಕೊಡ ಹೊತ್ತು ಬಂದರು. ಒಂದೇ ಸೀರೆ, ಒಂದೇ ಕೊಡ, ಸುಣ್ಣ ಬಳಿದಂಥ ಒಂದೇ ಮುಖ. ನಾನು ನಡಿಗೆಯಲ್ಲಿ ಹುಡುಕಿದೆ, ಭುಜದಲ್ಲಿ ಹುಡುಕಿದೆ. ಇವಳೇ? ಅಲ್ಲ. ಅವಳೇ? ಅಷ್ಟರಲ್ಲಿ ಒಂದು ಕುದುರೆ ಅಡ್ಡ ಬಂತು, ಮುಗಿಯಿತು. ಆ ಹೆಂಗಸರಲ್ಲಿ ಯಾರೋ ಒಬ್ಬಳು ನೀನು. ಯಾರೆಂದು ನನಗೆ ತಿಳಿಯಲಿಲ್ಲ.

ಶಾಂತಾ ನನ್ನ ತೋಳು ಹಿಡಿದು ಎಳೆದಳು. "ಅಪ್ಪಾ, ಮುಂದ ಇದ್ದಾಕಿ ಹೌದಿಲ್ಲೋ? ಹಲ್ಲು ಕಾಣಂಗ ನಗಾಕತ್ತಿದ್ಳಲ್ಲ, ಆಕಿನೇ ನಮ್ಮವ್ವ?" ಅಂದಳು. ಆ ನಗುವವಳು ನನ್ನ ಕಣ್ಣಿಗೂ ಬಿದ್ದಿದ್ದಳು, ಎಲ್ಲರ ಕಣ್ಣಿಗೂ ಬಿದ್ದಿರಬೇಕು. ನೀನಾಗಿರಬಹುದೇ? ಆಗಿರಲೂಬಹುದು, ಆಗದೇ ಇರಲೂಬಹುದು... ಹೌದವ್ವ ಎಂದೆ. ಅವಳು ಚಪ್ಪಾಳೆ ತಟ್ಟಿದಳು. ಎರಡನೇ ಆಟವನ್ನೂ ನೋಡಿದೆ, ಮಗು ನನ್ನ ಹೆಗಲ ಮೇಲೆ ನಿದ್ದೆ ಹೋಗಿತ್ತು. ಆಗಲೂ ನೀನು ಸಿಗಲಿಲ್ಲ. ಹೊರಗೆ ಬಂದು ಬಂಡಿಯೊಂದರ ಮರೆಯಲ್ಲಿ ನಿಂತು ಅತ್ತೆ. ನಿನ್ನನ್ನು ಮಣ್ಣು ಮಾಡಿದ ದಿನವೂ ಹಾಗೆ ಅತ್ತಿರಲಿಲ್ಲ.

ನಿನ್ನೆ ಮಧ್ಯಾಹ್ನ ಮಹಬೂಬಿ ಚಾಚಿ ನಮ್ಮ ಕಟ್ಟೆಯ ಮೇಲೆ ಕೂತು ಶಾಂತಾಳ ತಲೆ ಬಾಚುತ್ತಿದ್ದಳು. ನಾನು ಒಳಗೆ ಬಾಗಿಲ ಹತ್ತಿರ ಇದ್ದೆ. ಶಾಂತಾ ಕೈಗನ್ನಡಿ ಹಿಡಿದು, ಬಾಯಿ ತುಂಬ ಹಲ್ಲು ಬಿಟ್ಟು, ನಾನು ನಮ್ಮವ್ವನ ಹಾಗೇ ನಗುತ್ತೇನೆ ನೋಡು ಎಂದು ಚಾಚಿಗೆ ತೋರಿಸಿದಳು. ಸುಲೇಪೇಟೆಯಿಂದ ಬಂದಾಗಿನಿಂದ ಅದೇ ಅಭ್ಯಾಸ ಅವಳಿಗೆ.

"ಇಲ್ಲವ್ವ," ಅಂದಳು ಚಾಚಿ. "ನಿಮ್ಮವ್ವ ಹಾಂಗ ನಗ್ತಿದ್ದಿಲ್ಲ. ಸೆರಗು ಬಾಯಿಗಿ ಒತ್ಕೊಂಡು, ಬರೇ ಕಣ್ಣಾಗ ನಗ್ತಿದ್ಳು. ನಗುವಾಗ ಎಡಗಣ್ಣು ಮುಚ್ಚೇಹೋಗ್ತಿತ್ತು."

ಅವಳು ಅಷ್ಟು ಹೇಳಿದ್ದೇ ತಡ, ನೀನು ಬಂದೆ. ಮುಖ ಇಡೀ ಬಂತು. ಮುಚ್ಚಿದ ಎಡಗಣ್ಣು, ಹುಬ್ಬು, ಸೆರಗಿನ ಮೇಲೆ ಮೂಗು, ಎಲ್ಲ. ಇಷ್ಟು ವರ್ಷ ಎಲ್ಲಿದ್ದೆ ನೀನು? ಟೆಂಟಿನಲ್ಲಿ ನಕ್ಕವಳು ನೀನಲ್ಲ, ಖಂಡಿತ ಅಲ್ಲ ಎಂಬುದೂ ಅದೇ ಗಳಿಗೆಯಲ್ಲಿ ಗೊತ್ತಾಯಿತು. ನಾನು ಹೊಸ್ತಿಲಿಗೆ ಬಂದೆ.

"ಸುಳ್ಳು, ಚಾಚಿ. ನಾ ಕಣ್ಣಾರೆ ನೋಡೀನಿ," ಅಂದಳು ಶಾಂತಾ. ಅವಳು ಕನ್ನಡಿ ಕವುಚಿ ಇಟ್ಟಳು. "ಅಪ್ಪನೂ ನೋಡ್ಯಾನ. ಹೌದಿಲ್ಲೋ, ಅಪ್ಪಾ?"

ಇಬ್ಬರೂ ನನ್ನ ಕಡೆ ತಿರುಗಿದರು. ಅವಳಿಗೆ ಇರುವುದು ಆ ಒಂದು ಮುಖ. ಅದನ್ನು ಕಿತ್ತುಕೊಂಡು ನಾನು ಏನು ಕೊಡಲಿ? ನನ್ನ ಕಣ್ಣೊಳಗಿನದನ್ನು ಅವಳಿಗೆ ತೋರಿಸಲು ಬರುತ್ತದೆಯೇ?

"ಹೌದವ್ವ, ನಿಮ್ಮವ್ವ ಹಾಂಗೇ ನಗ್ತಿದ್ಳು. ಚಾಚಿಗಿ ನೆನಪಿಲ್ಲ" ಅಂದೆ.

ಚಾಚಿ ಜಡೆಯ ಕೊನೆಗೆ ರಿಬ್ಬನ್ನು ಕಟ್ಟಿ, ಎದ್ದು ತನ್ನ ಮನೆಗೆ ಹೋದಳು.

ಶಾಂತಾಳ ಅಪ್ಪ