ಖಂಡೇನವಮಿಯಂದು ಕೊಂಡ ಗರಗಸ

ಗಡಹಿಂಗ್ಲಜ, ೩ ಅಕ್ಟೋಬರ್ ೧೯೬೧

ಮತ್ತೆ ಅದೇ ಬೆಲ್ಲದ ಅಡತಿ ಅಂಗಡಿ. ಬೆಳಗ್ಗೆಯಿಂದ ಕೈಗೆ ಅಂಟು, ಕಿವಿಗೆ ನೊಣ. ನಮ್ಮಣ್ಣ ಅಲ್ಲಪ್ಪ ಗಾದಿಗೆ ಒರಗಿ ಎಲೆ ಅಡಿಕೆ ಹಾಕುತ್ತಾನೆ, ನಾನು ಬೆಲ್ಲದ ಪೆಂಟಿ ಪೆಂಟಿ ತಿವಿದು ರುಚಿ ನೋಡುತ್ತೇನೆ. ಈಗ ಬೆಲ್ಲ ಎಂದರೆ ವಾಕರಿಕೆ. ಸಂಜೆ ಹಿತ್ತಲ ಚಪ್ಪರಕ್ಕೆ ಬಂದು ಉಳಿ ಹಿಡಿದ ಮೇಲೆಯೇ ಉಸಿರು.

ಕಬನೂರಿನ ಭೀಮಗೊಂಡರು ಹೊಸದಾಗಿ ಪವರ್‌ಲೂಮ್ ಹಾಕುತ್ತಿದ್ದಾರೆ. ನಾನು ಕೈಯಿಂದ ಕೊಯ್ದ ಕೋಲನ್ನು ತಿರುವಿ ತಿರುವಿ ನೋಡಿದರು. ಮಗ್ಗದಲ್ಲಿ ಲಾಳಿಗೆ ಏಟು ಕೊಡುವ ಕೋಲು ಅದು, ನಡುವೆ ಸಣ್ಣ ಬಾಗು.

"ಚಲೋ ಅದ ಸಾತಪ್ಪ. ಆದ್ರ ಕೈಲೆ ಎಷ್ಟಂತ ಕೊಯ್ತೀ? ದೀಪಾವಳಿ ಪಾಡವಾಕ್ಕ ಮಗ್ಗ ಚಾಲೂ ಮಾಡಾಂವ ನಾ. ಅವತ್ತ ಮುಂಜಾನೆ ಎಲ್ಲಾ ಕೋಲು ಬಂದ್ರ ಮುಂದಿನ ಕೆಲಸಾನೂ ನಿಂದ. ಬರಲಿಲ್ಲಂದ್ರ ಮುಂಬೈ ಮಾಲು ತರಸ್ತೀನಿ."

ಅಣ್ಣನಿಗೆ ಹೇಳಿದೆ. ನಕ್ಕ. "ಪಾಡವಾತನಕ ಬಡಿಗತನ ಮಾಡ್ಕೊ. ಆಗಲಿಲ್ಲಂದ್ರ ಸುಮ್ನ ಬಂದು ಗಾದಿ ಮ್ಯಾಲ ಕೂಡು. ಮತ್ತ ಅದರ ಹೆಸರೆತ್ತಬ್ಯಾಡ." ಆಗಲಿ ಅಂದೆ. ಬೇಕಾದ್ದು ಒಂದೇ, ನಡುಗದೆ ಓಡುವ ಒಂದು ಬ್ಯಾಂಡ್ ಸಾ, ಎರಡು ಗಾಲಿಗಳ ಮೇಲೆ ಪಟ್ಟಿಯ ಹಾಗೆ ಸುತ್ತುವ ಗರಗಸ. ಅದು ಸಿಕ್ಕರೆ ಬೆಲ್ಲದಿಂದ ಬಿಡುಗಡೆ.

೬ ಅಕ್ಟೋಬರ್

ಕೊಲ್ಹಾಪುರ. ಎಸ್.ಟಿ. ಬಸ್ಸಿನಲ್ಲಿ ನಿಂತೇ ಹೋದದ್ದು. ಹಸಿರು ಬಣ್ಣ ಬಳಿದ ಮಶೀನು, ಅಂಗಡಿಯವನು ಮದುಮಗಳ ಹಾಗೆ ನಿಲ್ಲಿಸಿದ್ದ. ಚಾಲೂ ಮಾಡಿಸಿ, ಮೇಜಿನ ಮೇಲೆ ರೂಪಾಯಿ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿದೆ. ಒಳ್ಳೆಯ ಮಶೀನಾದರೆ ನಾಣ್ಯ ನಿಲ್ಲಬೇಕು. ಇಲ್ಲಿ ಕುಣಿದು ನೆಲಕ್ಕೆ ಬಿತ್ತು. ಮಾಲೀಕ ಏನಂದ? "ನಿಮ್ಮ ರೂಪಾಯಿನ ಸವದೈತ್ರಿ."

ಥೂ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

೧೧ ಅಕ್ಟೋಬರ್

ಇಚಲಕರಂಜಿ. ಯಾರೋ ಬಿಸಾಕಿದ ವಿಲಾಯತಿ ಮಾಲು. ಮೇಲಿನ ಗಾಲಿ ಕುಡುಕನ ತಲೆಯ ಹಾಗೆ ಓಲಾಡುತ್ತದೆ. ಬೇರಿಂಗ್ ಸತ್ತು ಎಷ್ಟು ಕಾಲವಾಯಿತೋ. ಬ್ಲೇಡಿನ ಬೆಸುಗೆ ಸುತ್ತಿ ಬಂದಾಗಲೆಲ್ಲ ಟಕ್, ಟಕ್... ಮಾರುವವನು ಅಂದ, "ಒಂಚೂರ ಗ್ರೀಸ್ ಹಾಕ್ರಿ, ಹಾಲಿನಂಗ ಓಡತೈತಿ. ನಮ್ಮವ್ವನ ಆಣೆ." ಬಾಯಿ ತುಂಬ ತಂಬಾಕು, ಅದರ ನಡುವೆ ಹೆತ್ತವ್ವನ ಆಣೆ! ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ. ಹೇಸಿಗೆ ಹೋಗಲಿಲ್ಲ.

೧೮ ಅಕ್ಟೋಬರ್, ಖಂಡೇನವಮಿ

ಕೊಲ್ಹಾಪುರದ ಇನ್ನೊಬ್ಬ ವ್ಯಾಪಾರಿ ತಾನಾಜಿ ಹೇಳಿ ಕಳಿಸಿದ್ದ: ಮಶೀನು ಅದ, ನವಮಿ ದಿನಾನ ಬರ್ರಿ. ಹೆಂಡತಿ ಗೌರವ್ವನಿಗೆ ಹಿಗ್ಗು. "ಒಳ್ಳೇ ದಿನಾ ನೋಡಿ ಕರದಾನ್ರಿ, ಭಾಳ ದೈವಭಕ್ತ ಇರಬೇಕು." ಹೋದೆ. ಮಶೀನಿಗೆ ಚೆಂಡುಹೂವಿನ ಮಾಲೆ, ಕುಂಕುಮ, ಮುಂದೆ ಒಡೆದ ಕಾಯಿ. ಚಾಲೂ ಮಾಡಿ ತೋರಿಸು ಅಂದೆ. ಗಲ್ಲ ಗಲ್ಲ ಬಡಿದುಕೊಂಡ.

"ಅಹೋ ಶೇಟ್! ಆಜ್ ಹತ್ಯಾರಾಲಾ ಹಾತ್? ಇವತ್ತ ಹತ್ಯಾರಕ್ಕ ಕೈ ಹಚ್ಚಬಾರದು, ಅವು ದೇವರ ಇದ್ದಂಗ್ರಿ."

ನಮ್ಮ ಮನೆಯಲ್ಲೂ ನನ್ನ ಉಳಿ, ಅಣ್ಣನ ತಕ್ಕಡಿ ಎಲ್ಲ ಪೂಜೆಗೆ ಕೂತಿವೆ. ಅವುಗಳಿಗೆ ವಿಶ್ರಾಂತಿಯ ದಿನ. ಇಂಥ ದಿನ ಓಡಿಸು ಎಂದು ಹಠ ಹಿಡಿಯುವ ಬಾಯಿ ನನಗಿಲ್ಲ. ಕೈ ಮುಗಿದು ಗಾಲಿಯನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿದೆ. ಸದ್ದಿಲ್ಲ. ನಾಳೆ ಬರಲಾ ಅಂದರೆ, ನಾಳೆ ಆಜರಾದ ಸಾಹುಕಾರರು ಒಯ್ಯುತ್ತಾರೆ ಅಂದ. ಅಲ್ಲೇ ಮಾತು ಮುಗಿಸಿ ದುಡ್ಡು ಎಣಿಸಿದೆ. ಪೇಢೆ ಕೊಟ್ಟ. ತಿಂದೆ.

೨೩ ಅಕ್ಟೋಬರ್

ಟ್ರಕ್ಕಿನಲ್ಲಿ ಬಂತು. ಓಣಿಯವರೆಲ್ಲ ಸೇರಿದರು. ಗೌರವ್ವ ಆರತಿ ಎತ್ತಿದಳು. ಬಟನ್ ಒತ್ತಿದೆ.

ಚಪ್ಪರ ನಡುಗಿತು. ಹಂಚು ಬಿತ್ತು. ನಾಣ್ಯ ಇಡುವ ಮಾತೇ ಇಲ್ಲ, ಮೇಜಿನ ಮೇಲಿಟ್ಟ ಹಲಗೆಯೇ ನಡೆಯತೊಡಗಿತು. ಕೊಯ್ದ ಕೋಲಿನ ಅಂಚು ಹಾವು ಹರಿದ ಹಾಗೆ. ಅಣ್ಣ ಎಲೆ ಉಗುಳಿ ಹೋದ. ಬೈದಿದ್ದರೆ ಚೆನ್ನಾಗಿತ್ತು.

೨೫ ಅಕ್ಟೋಬರ್

ಮತ್ತೆ ಕೊಲ್ಹಾಪುರ. ತಾನಾಜಿ ಕೂತಲ್ಲಿಂದ ಏಳಲಿಲ್ಲ. "ಕಣ್ಣಾರೆ ನೋಡೇ ಒಯ್ದೀರಲ್ಲ ಶೇಟ್. ಬುಡಕ್ಕ ಎರಡು ಕಲ್ಲು ಹೇರ್ರಿ, ಸುಮ್ನಾಗತೈತಿ." ಎದುರಿನ ಚಹಾದವನು ನಗುತ್ತ ಹೇಳಿದ, "ಪ್ರತಿ ನವಮಿಗೆ ಹಿಂತಾದೊಂದು ದಾಟಸ್ತಾನ್ರಿ ಅಂವ."

ದೇವರ ಹೂಮಾಲೆಯ ಹಿಂದೆ ಬಚ್ಚಿಟ್ಟು ಮಾರುವವನ ಮೇಲೆ ಹೇಸಿಗೆ, ಅವನ ಪೇಢೆ ತಿಂದ ನನ್ನ ನಾಲಿಗೆಯ ಮೇಲೂ ಹೇಸಿಗೆ.

೫ ನವೆಂಬರ್

ಇಷ್ಟು ದಿನ ಏನೂ ಬರೆಯಲಿಲ್ಲ. ಚಪ್ಪರದ ಕಡೆ ಮುಖ ಮಾಡಿರಲಿಲ್ಲ. ಮೊನ್ನೆ ಅಣ್ಣ, ಪಾಡ್ಯದ ದಿನ ಗಾದಿಗೆ ಕೂಡುವಾಗ ಉಡಲು ಎಂದು ಹೊಸ ಧೋತರ ಕಳಿಸಿದ. ಅದನ್ನು ನೋಡಿದ ಮೇಲೆ ಮೈಯೆಲ್ಲ ಉರಿದು ನಟ್ಟು ಬಿಚ್ಚುವ ಪಾನಾ ಹಿಡಿದು ಕೂತೆ. ಕೆಳಗಿನ ಗಾಲಿ ಬಿಚ್ಚಿ ಬಣ್ಣ ಕೆರೆದೆ. ಅಂಚಿನಲ್ಲಿ ಬೀಡುಕಬ್ಬಿಣ ಒಡೆದು ಹೋಗಿದೆ. ಅದರೊಳಗೆ ಸೀಸ, ಮೇಣ ತುಂಬಿ ಬಣ್ಣ ಬಳಿದಿದ್ದಾನೆ, ನಡುಕ ಅಲ್ಲಿಂದಲೇ. ಮೇಲೆ ರಬ್ಬರ್ ಪಟ್ಟಿ ಎರಡು ತುಂಡು, ಹಳೆ ಚಪ್ಪಲಿಗೆ ತೇಪೆ ಹಾಕಿದಂತೆ. ಥೂ ನಿನ್ನ...

ಗಾಲಿಯನ್ನು ಗೋಣಿಚೀಲದಲ್ಲಿ ಕಟ್ಟಿ ಇಚಲಕರಂಜಿಯ ಲೇತ್ ಅಂಗಡಿಗೆ ಕೊಟ್ಟು ಬಂದೆ. ಒಡಕು ತುಂಬಿ, ಅಂಚು ಕಡೆದು ಕೊಡುತ್ತಾರಂತೆ.

೭ ನವೆಂಬರ್, ಸಂಜೆ

ಲೇತಿನಿಂದ ಗಾಲಿ ತಂದು ಕೂರಿಸಿದೆ. ಹೊಸ ರಬ್ಬರ್. ಬಟನ್ ಒತ್ತಿ ನಾಣ್ಯ ಇಟ್ಟೆ. ನಿಂತಿತು! ಕೈ ತೆಗೆದರೂ ನಿಂತಿತು. ನೆಲದ ಮೇಲೆ ಕೂತುಬಿಟ್ಟೆ, ಕಣ್ಣಲ್ಲಿ ನೀರು. ಒಂದು ಹಲಗೆ ಹಚ್ಚುವಷ್ಟರಲ್ಲಿ ಕರೆಂಟು ಹೋಯಿತು. ಬರಲೇ ಇಲ್ಲ.

ನಾಳೆ ಅಮಾವಾಸ್ಯೆ. ನಾಡಿದ್ದು ಪಾಡ್ಯ. ಅಮಾವಾಸ್ಯೆಗೆ ಈ ಊರಲ್ಲಿ ಬಡಿಗ, ಕಮ್ಮಾರ ಯಾರೂ ಹತ್ಯಾರ ಮುಟ್ಟುವುದಿಲ್ಲ. ಅಣ್ಣ ಬಾಗಿಲಲ್ಲೇ ನಿಂತು ಹೇಳಿ ಹೋದ: "ಅಮಾಸಿ ದಿನಾ ಮಶೀನಿನ ಸಪ್ಪಳ ಕೇಳಿಸ್ತಂದ್ರ ನೀ ನನ್ನ ತಮ್ಮ ಅಲ್ಲ."

೮ ನವೆಂಬರ್, ಅಮಾವಾಸ್ಯೆ

ಕರೆಂಟು ಬಂದಿದೆ. ಬೆಳಗ್ಗೆ ಬಟನ್ ಮುಂದೆ ಎಷ್ಟು ಹೊತ್ತು ನಿಂತೆನೋ. ಬೆರಳು ಏಳಲಿಲ್ಲ. ತಾನಾಜಿಯ ಮುಂದೆ ಏಳದ ಬಾಯಿ, ಇಲ್ಲಿ ಏಳದ ಬೆರಳು. ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನ್ನಿಸಿತು. ಗೌರವ್ವ ಕಸ ಗುಡಿಸುತ್ತಿದ್ದವಳು ಕಸಬರಿಗೆ ಬಿಟ್ಟು ಬಂದಳು.

"ಅವತ್ತ ದಿನಾ ನೋಡಿ ತಂದ್ರಿ. ಏನಾತು? ಇವತ್ತರೆ ಮರಾ ನೋಡಿ ಕೊಯ್ಯಿರಿ."

"ಪಾಪ ಬಂದ್ರ?"

"ಅರ್ಧಾ ನನಗಿರಲಿ. ಹಚ್ಚರಿ."

ಸೆರಗು ಸಿಕ್ಕಿಸಿ ಹಲಗೆಯ ಆ ತುದಿ ತಾನೇ ಹಿಡಿದಳು. ಒತ್ತಿದೆ. ಎಂಥ ಓಟ... ಗೆರೆಯ ಮೇಲೆ ಗೆರೆ. ಓಣಿಯವರು ಗೋಡೆ ಮೇಲಿಂದ ಇಣುಕಿ "ಶಿವಶಿವಾ" ಅಂದರು. ಅನ್ನಲಿ. ಇಡೀ ಜನ್ಮ ಅವರೆದುರು ಬೆಲ್ಲ ತಿವಿದದ್ದು ಸಾಕು.

ಬ್ಲೇಡು ಕಾದಿದೆ. ಆರುವವರೆಗೆ ಇದನ್ನು ಗೀಚುತ್ತಿದ್ದೇನೆ. ಇನ್ನು ಕೆಲವೇ ಕೋಲು ಬಾಕಿ, ಬೆಳಗಿನ ಮೊದಲ ಎಸ್.ಟಿ.ಗೆ ಕಬನೂರು. ಬಾಗಿಲಲ್ಲಿ ಅಣ್ಣ. ಚಪ್ಪಲಿ ಕಳಚದೆ ಒಳಗೇ ಬರುತ್ತಿದ್ದಾನೆ. ಗೌರವ್ವ ಹಲಗೆ ಬಿಡಲಿಲ್ಲ, ತಲೆಯ ಮೇಲೆ ಸೆರಗು ಎಳೆದುಕೊಂಡಳು ಅಷ್ಟೇ. "ಭಾವಾರು ಬಂದಾರ್ರಿ. ನೀವು ಮಶೀನು ಹಚ್ಚರಿ" ಅನ್ನುತ್ತಿದ್ದಾಳೆ. ಹಚ್ಚುತ್ತೇನೆ. ಅವನ ಕಣ್ಣೆದುರಿಗೇ ಬಟನ್ ಒತ್ತುತ್ತೇನೆ.