ಕೆಂಪು ಚೌಕದ ಏಳು ಮರ

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಗುಬ್ಬಿಗೆ, ನಿನ್ನ ಸೋದರಮಾವನ ತುಂಬು ಹಾರೈಕೆ.

ಉಪಗ್ರಹ ಅನ್ನುವುದು ಹುಟ್ಟುವ ಮೊದಲೇ ಭೂಮಿಯ ಮೇಲಿನ ಮರಗಳನ್ನೆಲ್ಲ ಒಬ್ಬನೇ ಎಣಿಸಿ ಮುಗಿಸಿದವನು ನಾನು. ಹೇಳಿಕೊಳ್ಳುವ ಅಭ್ಯಾಸವಿಲ್ಲ, ಹಾಗಾಗಿ ಜಗತ್ತಿಗೆ ಗೊತ್ತಾಗಲಿಲ್ಲ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು ಅಂತ ಬೇಜಾರಾಗಬೇಡ. ಫೋನ್ ಮಾಡಬಹುದಿತ್ತು, ಆದರೆ ನಿನ್ನ ಪಕ್ಕದ ಕುರ್ಚಿಯ ಕನ್ನಡಕದವನು ಸದಾ ಕಿವಿ ನಿಮಿರಿಸಿ ಕೂತಿರುತ್ತಾನೆ, ನಾನು ಬಂದಾಗಲೇ ಗಮನಿಸಿದ್ದೇನೆ. ಈ ಕಾಗದವನ್ನೂ ಅವನೆದುರು ಒಡೆಯಬೇಡ.

ಅವತ್ತು ನಿನ್ನ ಆಫೀಸಿಗೆ ಬಂದಾಗ ನೀನು ಜಗತ್ತನ್ನೆಲ್ಲ ಚೌಕ ಚೌಕ ಮಾಡಿಕೊಂಡು, ಉಪಗ್ರಹ ಮೇಲಿಂದ ತೆಗೆದ ಚಿತ್ರ ನೋಡಿ, ಎಲ್ಲಿ ಕಾಡು ಎಲ್ಲಿ ಬಯಲು ಅಂತ ಗುರುತು ಹಾಕುತ್ತಿದ್ದೆ. "ಇದೇನೇ, ಕಾಡೆಲ್ಲ ಕೆಂಪು! ಬೆಂಕಿ ಬಿದ್ದಿದೆಯಾ?" ಅಂತ ನಾನು ಕೇಳಿದ್ದಕ್ಕೆ, "ಇಲ್ಲ ಮಾವ, ನಮ್ಮ ಕಣ್ಣಿಗೆ ಕಾಣದ ಬೆಳಕನ್ನ ಹೀಗೆ ಕೆಂಪಾಗಿ ತೋರಿಸ್ತೀವಿ. ಎಲೆ ದಟ್ಟ ಇದ್ದಷ್ಟೂ ಕೆಂಪು ಜಾಸ್ತಿ" ಅಂತ ನಕ್ಕೆ ನೀನು. ಹಸಿರನ್ನು ಕೆಂಪು ಮಾಡುವವರನ್ನು ನಂಬಬಾರದು ಅಂತ ಅಲ್ಲೇ ಅನಿಸಿತ್ತು ನನಗೆ. ನಮ್ಮೂರಿನ ಚೌಕವನ್ನೂ ತೋರಿಸಿದೆ. ಊರಾಚೆ ಹಳೇ ಇಟ್ಟಿಗೆ ಗೂಡಿನ ಹಿಂದೆ, ನಾನು ಯಾವತ್ತೂ ಕಾಲಿಡದ ಜಾಗ, ಎಲ್ಲಕ್ಕಿಂತ ಕಡುಗೆಂಪು. ಮನಸ್ಸಿನಲ್ಲೇ ಬರೆದುಕೊಂಡೆ.

ವಾರ ಕಳೆಯುವುದರೊಳಗೆ ಮರದ ದಲ್ಲಾಳಿ, ಆ ನಾಲ್ಕು ಫೋನಿನವನು, ಅದೇ ಜಮೀನಿನ ಮರಗಳನ್ನು ಮಾರಾಟಕ್ಕೆ ತಂದ. "ಅಣ್ಣಾ, ಒಂದ್ಸಲ ನೋಡ್ಕೊಂಡು ಬನ್ನಿ" ಅಂದ. ನೋಡಿ ಬಾ ಅನ್ನುವವನನ್ನು ನಂಬಲಾದೀತೆ? ನಾನು ಅತ್ತ ಹೋದರೆ ಇತ್ತ ಇನ್ನೊಬ್ಬನಿಗೆ ಮಾರುವ ಉಪಾಯ! "ನಾನು ಆಕಾಶದಿಂದಲೇ ನೋಡಿದ್ದೀನಿ ಕಣಯ್ಯ" ಅಂತ ಸಹಿ ಹಾಕಿಬಿಟ್ಟೆ. ನಿನ್ನನ್ನೂ ಕೇಳಲಿಲ್ಲ, ನೀನು ಎಲ್ಲಾದರೂ ಬಾಯಿಬಿಟ್ಟರೆ ಬೆಲೆ ಏರುತ್ತದೆ ಅನ್ನುವ ಭಯ.

ಮರ ಕೊಯ್ಯುವವನನ್ನು ಕರೆದುಕೊಂಡು ಹೋದರೆ, ಗುಬ್ಬಿ, ಅದು ಕೆರೆ. ಈಚೆ ದಡದಿಂದ ಅರ್ಧ ಕೆರೆಯ ತನಕ ತೇಲುವ ಕಳೆ, ಅಂಗೈಯಗಲದ ದಪ್ಪ ಎಲೆ, ಕೆಳಗೆ ನೀರು ಒಂದು ಹನಿ ಕಾಣದು. ಗಾಳಿ ಬೀಸಿತು ನೋಡು, ನನ್ನ ಕಾಡು ಪೂರ್ತಿ ಆಚೆ ದಡಕ್ಕೆ ಹೊರಟುಹೋಯಿತು. ಅವನು ಗರಗಸ ಕೆಳಗಿಟ್ಟು, "ಯಜಮಾನ್ರೇ, ಮುಂದಿನ ಸಲ ಬಲೆ ತರ್ಲಾ?" ಅಂದ. ದಡದಲ್ಲಿ ಇದ್ದದ್ದು ಏಳು ಮರ. ದಲ್ಲಾಳಿಗೆ ಫೋನ್ ಮಾಡಿ ಬೈದರೆ, "ಏಳೂ ನಿಮ್ಮವೇ ಅಣ್ಣಾ, ಒಂದನ್ನೂ ಯಾರೂ ಮುಟ್ಟಲ್ಲ" ಅನ್ನುತ್ತಾನೆ.

ಮೂರು ದಿನ ನಿನ್ನ ಮೇಲೂ ಅನುಮಾನಪಟ್ಟೆ, ಸುಳ್ಳೇಕೆ. ಮಾವನಿಗೆ ಬುದ್ಧಿ ಬರಲಿ ಅಂತ ಬೇಕೆಂದೇ ಆ ಚೌಕ ತೋರಿಸಿದಳೇ? ದಲ್ಲಾಳಿಗೂ ಕನ್ನಡಕದವನಿಗೂ ಏನಾದರೂ ನಂಟೇ? ಆಮೇಲೆ ನಿನ್ನ ಕಾಗದವನ್ನು ಮತ್ತೆ ತೆಗೆದು ಓದಿದೆ. ತಿಂಗಳ ಕೊನೆಗೆ ಕಾಡಿನ ನಕ್ಷೆ ಹೊರಬೀಳುತ್ತದೆ, ಮೊದಲ ಸಲ ಅದರ ಮೇಲೆ ನಿನ್ನ ಹೆಸರಿರುತ್ತದೆ, ನಮ್ಮೂರ ಕಡೆ ಹೋಗಿ ನೋಡಿಬರಲು ಯಾರನ್ನೂ ಕಳಿಸಲಿಲ್ಲ ಅಂತ ಬರೆದಿದ್ದೆ. ಆಗ ಹೊಳೆಯಿತು. ನೀನೂ ನನ್ನ ಹಾಗೇ ಅದನ್ನು ದಟ್ಟ ಕಾಡು ಅಂತ ಬರೆದಿರುತ್ತೀಯ.

ನಾನು ಸುಮ್ಮನಿದ್ದರೆ ನನ್ನ ಮರ್ಯಾದೆ ಉಳಿಯುತ್ತದೆ, ನಿನ್ನದು ಹೋಗುತ್ತದೆ. ಬೇರೆ ಬೇರೆ ತಿಂಗಳಿನ ಚಿತ್ರ ತೆಗೆದು ನೋಡು. ಕಾಡಾದರೆ ನಿಂತಲ್ಲೇ ನಿಂತಿರುತ್ತದೆ, ಇದು ಓಡಾಡುತ್ತದೆ. ತಿದ್ದು. ತಾನೇ ಕಂಡುಹಿಡಿದೆ ಅಂತ ಕನ್ನಡಕದವನು ಹೇಳಿಕೊಂಡಾನು, ಬಿಡಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಹೆಸರು ಆ ನಕ್ಷೆಯಷ್ಟೇ ಅಗಲವಾಗಿ ಹಬ್ಬಲಿ.

ಇಂತಿ,
ಏಳು ಮರಗಳ ಒಡೆಯ,
ನಿನ್ನ ಮಾವ

ತಾ.ಕ.: ನಿನ್ನ ಅತ್ತೆಗೆ ನಲವತ್ತು ಸಾವಿರ ಹೋಯಿತು ಅಂತ ಹೇಳಿದ್ದೇನೆ. ಅದು ಮುಂಗಡ ಮಾತ್ರ. ನಿಮ್ಮಮ್ಮ ಕೊನೆಯ ಸಲ ಆಸ್ಪತ್ರೆಯಲ್ಲಿದ್ದಾಗ, "ಗುಬ್ಬಿ ಮುಂದೆ ಓದ್ತೀನಿ ಅಂದ್ರೆ ಕೊಡು" ಅಂತ ನನ್ನ ಕೈಗೆ ದುಡ್ಡು ಕೊಟ್ಟಿದ್ದಳು. ನಿನಗೆ ಹೇಳಿರಲಿಲ್ಲ, ಎರಡರಷ್ಟು ಮಾಡಿ ಒಮ್ಮೆಲೇ ನಿನ್ನ ಮುಂದಿಡೋಣ ಅಂತಿದ್ದೆ. ಊರನ್ನೆಲ್ಲ ಅನುಮಾನಿಸುವ ತಮ್ಮನನ್ನು ಅಕ್ಕ ಒಂದು ಸಲವೂ ಅನುಮಾನಿಸಲಿಲ್ಲ, ಒಂದು ಚೀಟಿ ಕೂಡ ಬರೆಸಿಕೊಳ್ಳಲಿಲ್ಲ. ಎಲ್ಲ ಸೇರಿ ಹೋದದ್ದು ನಾಲ್ಕು ಲಕ್ಷದ ಅರವತ್ತು ಸಾವಿರ. ಅದರಲ್ಲಿ ನನ್ನದು ಬರೀ ಅರವತ್ತು ಸಾವಿರ.