ತೊಳೆದ ಡಬ್ಬಿ

ನವೆಂಬರ್ 11, ಸೋಮವಾರ. ಹೊಸಪೇಟೆ

ಕಂಪ್ಲಿ ಬಸ್ಸು ಹೊರಡುವ ಹೊತ್ತು ಫಲಕದಲ್ಲಿ ಒಂದು, ವಿಚಾರಣೆ ಕಿಟಕಿಯವನು ಹೇಳಿದ್ದು ಇನ್ನೊಂದು, ಹೊರಟದ್ದು ಮತ್ತೊಂದು. ಮೂರನ್ನೂ ಬರೆದುಕೊಂಡೆ. ಪ್ರವಾಸಿ ಕೈಪಿಡಿಯ ಹೊಸ ಆವೃತ್ತಿಗೆ ಪ್ರಕಾಶಕರು ಕೇಳಿರುವುದು ಇಷ್ಟೇ — ಬಸ್ಸು, ವಸತಿ, ಊಟ. ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರು. ಹತ್ತು ದಿನ.

ಸಂಡೂರನ್ನು ಕೊನೆಗಿಟ್ಟಿದ್ದೇನೆ. ದಾರಿಯ ಪ್ರಕಾರ ನೋಡಿದರೆ ಅದು ಕೊನೆಗೆ ಬರಬೇಕಾದ ಊರಲ್ಲ.

ನವೆಂಬರ್ 12. ಕಡ್ಡಿರಾಂಪುರ, ಮಧ್ಯಾಹ್ನ

ಹಂಪಿಯಲ್ಲಿ ಅರ್ಧ ದಿನ. ಕಲ್ಲುಗುಡ್ಡಗಳು ಇದ್ದ ಹಾಗೇ ಇವೆ. ಅವುಗಳ ಬಗ್ಗೆ ತಿದ್ದುವುದೇನೂ ಇಲ್ಲ.

ಊಟಕ್ಕೆ ರಸ್ತೆ ಬದಿಯ ಒಂದು ಹೋಮ್‌ಸ್ಟೇ. ಮೆನುವಿನಲ್ಲಿ ರೊಟ್ಟಿ ಇರಲಿಲ್ಲ. ಕೇಳಿದೆ.

"ಫಾರಿನ್ನವ್ರು ಪಾಸ್ತಾ ಕೇಳ್ತಾರ್ರಿ, ನೀವು ರೊಟ್ಟಿ ಕೇಳ್ತೀರಿ," ಎಂದು ಮನೆಯಾಕೆ ನಕ್ಕಳು. "ನಮ್ಗ ಮಾಡಿದ್ದು ಐತಿ, ಕುಂದ್ರಿ."

ನಾಲ್ಕು ರೊಟ್ಟಿ ತಂದಳು. ನಾಲ್ಕು... ಬರೆದುಬಿಡುವುದೇ ಒಳ್ಳೆಯದು.

1989. ಪಿಯುಸಿ ಎರಡನೇ ವರ್ಷ. ಹೊಸಪೇಟೆಯಲ್ಲಿ ಒಂದು ಕೋಣೆ, ನಾನು ಮತ್ತು ಹುಲುಗೇಶ್. ಹಳ್ಳಿಯಿಂದ ಬಂದು ಓದುವ ಹುಡುಗರಿಗೆ ಆಗ ಬಸ್ಸಿನಲ್ಲಿ ಬುತ್ತಿ ಬರುತ್ತಿತ್ತು. ತಾಯಂದಿರು ಬೆಳಿಗ್ಗೆ ಡಬ್ಬಿಯನ್ನು ಚೀಲದಲ್ಲಿಟ್ಟು ಕಂಡಕ್ಟರ್ ಕೈಗೆ ಕೊಡುವರು. ಖಾಲಿ ಡಬ್ಬಿ ಸಂಜೆ ಬಸ್ಸಿಗೆ ವಾಪಸ್. ಹುಲುಗೇಶನಿಗೆ ಸಂಡೂರಿನ ಪಕ್ಕದ ಕೃಷ್ಣಾನಗರದಿಂದ ಅವನ ಅವ್ವ ದುರ್ಗಕ್ಕ ಕಳಿಸುತ್ತಿದ್ದಳು. ನನಗೆ ನನ್ನೂರು ದರೋಜಿಯಿಂದ ಬರುತ್ತಿರಲಿಲ್ಲ. ಕಳಿಸಬೇಕಾದವಳು ಸತ್ತು ಐದು ವರ್ಷವಾಗಿತ್ತು.

ಆಗಸ್ಟಿನಲ್ಲಿ ಹುಲುಗೇಶ್ ಓದು ಬಿಟ್ಟು ಅದಿರಿನ ಲಾರಿ ಹತ್ತಿದ. ಕ್ಲೀನರ್ ಕೆಲಸ. "ಅವ್ವಗ ಗೊತ್ತಾಗಬಾರ್ದಲೇ," ಎಂದ. "ಡಬ್ಬಿ ನೀ ಇಸ್ಕೋ. ತಿಂದು ವಾಪಸ್ ಹಾಕು."

ಎಂಟು ತಿಂಗಳು ತಿಂದೆ. ಕಂಡಕ್ಟರ್ "ಯಾರ್ದ್ರೀ ಡಬ್ಬಿ?" ಎಂದು ಕೂಗಿದಾಗ ದಿನವೂ "ಹುಲುಗೇಶಂದು" ಎನ್ನುತ್ತಿದ್ದೆ. ಸುಳ್ಳಲ್ಲ. ಎರಡನೇ ವಾರದಿಂದ ನಾಲ್ಕು ರೊಟ್ಟಿ ಆರಾದವು. ಮಗ ಈಗ ಚೆನ್ನಾಗಿ ತಿನ್ನುತ್ತಿದ್ದಾನೆಂದು ಹಿಗ್ಗಿರಬೇಕು ಆಕೆ. ಆ ಎರಡು ರೊಟ್ಟಿ ಮಾತ್ರ ಇವತ್ತಿಗೂ ಅರಗಿಲ್ಲ. ಪರೀಕ್ಷೆ ಮುಗಿದ ಸಂಜೆ ಕೊನೆಯ ಡಬ್ಬಿಯನ್ನು ಬಸ್ಸಿಗೆ ಹಾಕಿ ಊರು ಬಿಟ್ಟೆ. ಆಕೆಯ ಮುಖ ನೋಡಿಲ್ಲ.

ನವೆಂಬರ್ 14. ಕಂಪ್ಲಿ

ಹೊಳೆಯ ಈಚೆ ಗದ್ದೆಗಳು, ಆಚೆಯೂ ಗದ್ದೆಗಳು. ಒಳ್ಳೆಯ ಲಾಡ್ಜ್ ಇಲ್ಲ — ಹಾಗೆಂದು ಬರೆದೆ.

ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ ಬಸ್ಸುಗಳ ಹೊತ್ತು ವಿಚಾರಿಸುತ್ತಿದ್ದೆ. ಬೆಂಚಿನ ಮೇಲಿದ್ದ ಮುದುಕರೊಬ್ಬರು ಒಂದೊಂದಾಗಿ ಹೇಳಿದರು. ಹೇಳುತ್ತಲೇ ನನ್ನನ್ನು ನೋಡಿದರು.

"ಸಂಡೂರು ಬಸ್ಸಿನ ಡಬ್ಬಿ ಹುಡುಗ ಅಲ್ಲೇನ್ರಿ ನೀವು?"

ಪಕ್ಕೀರಪ್ಪ. ಅದೇ ಕಂಡಕ್ಟರ್. ಮೂವತ್ತೈದು ವರ್ಷ!

"ನಾನು ಹುಲುಗೇಶ್ ಅಲ್ಲ ಅಂತ ನಿಮಗೆ ಗೊತ್ತಿತ್ತಾ?"

"ಕಂಡಕ್ಟರಿಗೆ ಮುಖ ಗೊತ್ತಿರ್ತಾವ್ರಿ. ಹೆಸರು ನೀವು ಏನರ ಹೇಳ್ಕೊಳ್ರಿ."

ಹುಲುಗೇಶ್ ಎರಡು ವರ್ಷಕ್ಕೆ ಊರಿಗೆ ಬಂದನಂತೆ. ಲಗ್ನವಾದ. ಏಳು ವರ್ಷದ ಹಿಂದೆ ತೀರಿಕೊಂಡ. ಚಹಾ ಆರಿತು. ಕುಡಿದೆ.

"ದುರ್ಗಕ್ಕ ಅದಾಳ್ರಿ. ಭಾಳ ಗಟ್ಟಿ. ಮೊನ್ನೆ ಲಗ್ನದಾಗ ನಂಗ ಹೊಟ್ಟಿ ಬಂದೈತಿ ಅಂತ ಎಲ್ಲಾರ ಮುಂದ ಬೈದ್ಲು. ಹೋಗಿ ಹೇಳಿಬಿಡ್ರಿ ಸಾರ್. ಇನ್ನೇನ್ ಬಡಿತಾಳೇನು?"

ನವೆಂಬರ್ 18. ದರೋಜಿ

ಮೂರು ದಿನ ಬರೆಯಲಿಲ್ಲ. ಪ್ರಕಾಶಕರ ಪಟ್ಟಿಯಲ್ಲಿ ಇಲ್ಲದಿದ್ದರೂ ಕೈಪಿಡಿಗೆ ಕರಡಿಧಾಮವೂ ಇರಲಿ ಎಂದು ಬಂದೆ. ಒಂದು ಮಧ್ಯಾಹ್ನದ ಕೆಲಸ. ಬಂಡೆಯ ಮೇಲೆ ತಾಯಿ ಕರಡಿ, ಬೆನ್ನ ಮೇಲೆ ಎರಡು ಮರಿ. ಉಳಿದ ದಿನ ಸುಮ್ಮನೆ ಇದ್ದೆ. ನಮ್ಮ ಮನೆಯಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ರೀಚಾರ್ಜ್ ಮಾಡಿಸಿಕೊಂಡೆ.

ನಾಳೆ ಸಂಡೂರು.

ನವೆಂಬರ್ 19. ಸಂಡೂರು, ಸಂಜೆ 6

ಬೆಟ್ಟದ ಸಂದಿಯಲ್ಲಿ ಬಸ್ಸು ತಿರುಗಿತು. ಒಂದು ಮಗ್ಗುಲು ಹಸಿರು, ಇನ್ನೊಂದು ಮಗ್ಗುಲು ಕೆಂಪಗೆ ಕೊರೆದದ್ದು. ಕೃಷ್ಣಾನಗರ ಕೋಟೆಯೊಳಗಿನ ಊರು. ಕೇಳಿದ ಮೊದಲ ಮನೆಯವರೇ ದಾರಿ ತೋರಿಸಿದರು.

ಮನೆ ತುಂಬ ಜನ. ದುರ್ಗಕ್ಕನ ಮಗಳು ಸುಮಲತಾ, ಅವಳ ಗಂಡ, ಹೊಲಿಗೆ ಯಂತ್ರ, ಶೇಂಗಾ ಬಿಡಿಸುವ ಅಕ್ಕಪಕ್ಕದವರು. ದುರ್ಗಕ್ಕ ಅವರ ನಡುವೆ, ಎಲ್ಲರಿಗೂ ಏನಾದರೊಂದು ಹೇಳುತ್ತ.

"ನಾನು ಹುಲುಗೇಶನ ಕೋಣೆಯಲ್ಲಿದ್ದವನು," ಎಂದೆ. ಮುಂದಿನ ವಾಕ್ಯವನ್ನು ಬಸ್ಸಿನಲ್ಲಿ ಸಿದ್ಧಮಾಡಿಕೊಂಡಿದ್ದೆ.

ಆಕೆಯ ಕೈ ನಿಂತಿತು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಅಂದ್ರ, ಡಬ್ಬಿ ತೊಳಿಯೋ ಹುಡುಗ ನೀನಾ?"

ಸುಮಲತಾ ನಕ್ಕಳು. ಈ ಮನೆಯಲ್ಲಿ ನನಗೊಂದು ಹೆಸರಿತ್ತು, ಹಾಗಾದರೆ.

"ನಿಮಗೆ..."

"ನನ್ನ ಮಗ ಹುಟ್ಟಿದಾಗಿಂದ ಒಂದು ತಾಟು ತೊಳೆದೋನಲ್ಲ. ಡಬ್ಬ್ಯಾಗ ಎಂಜಲು ಒಣಗಿ ಬರ್ತಿತ್ತು. ಒಂದಿನ ನೋಡ್ತೀನಿ, ಬೂದಿ ಹಚ್ಚಿ ತಿಕ್ಕಿದ್ದು, ಕನ್ನಡಿ ಇದ್ದಂಗ. ಮರುದಿನಾನೂ ಹಂಗ. ಇವ ನನ್ನ ಮಗ ಅಲ್ಲ ಅಂದೆ. ತಾಯಿ ಇಲ್ಲದ ಕೂಸು ಯಾವುದೋ, ತೊಳದು ಕೊಟ್ರ ನಾಳಿಗೂ ಕೊಟ್ಟಾರು ಅಂತ ತೊಳೀತೈತಿ ಅಂದೆ."

"ಗೊತ್ತಿದ್ದೂ ಯಾಕೆ ಕಳಿಸಿದಿರಿ?"

"ನಿಲ್ಲಿಸಿ ಏನ್ ಮಾಡ್ಲಿ? ಹುಲುಗ ನಾಕು ತಿಂದು ಅರ್ಧ ಬಿಡ್ತಿದ್ದ. ನೀನು ಚೂರೂ ಬಿಡ್ತಿದ್ದಿಲ್ಲ. ಸಾಕಾಗವಲ್ದು ಅಂತ ಆರು ಮಾಡಿದೆ." ಮತ್ತೆ ಶೇಂಗಾಕ್ಕೆ ಕೈ ಹಾಕಿದಳು. "ಈಗ ಎಷ್ಟು ತಿಂತೀ?"

"ಮೂರು."

"ವಯಸ್ಸಾತು ಬಿಡು."

ಕ್ಷಮೆ ಕೇಳಬೇಕೆಂದಿದ್ದೆ. ಅದಕ್ಕೆ ಜಾಗವೇ ಸಿಗಲಿಲ್ಲ. ಹೊರಡುವಾಗ ಬಾಗಿಲವರೆಗೆ ಬಂದಳು.

"ಹೊಸಪೇಟ್ಯಾಗ ಎಂದಿನ ತನಕ ಇರ್ತೀ?"

"ನಾಡಿದ್ದಿನವರೆಗೆ."

"ನಾಡಿದ್ದು ಬಸ್ಸಿಗೆ ಡಬ್ಬಿ ಇಡತೀನಿ. ತಿಂದು ಸಂಜಿ ಬಸ್ಸಿಗೆ ಹಾಕು. ಮತ್ತ, ತೊಳೀಬ್ಯಾಡ. ಹಂಗ ಕಳಸು. ಆ ಡಬ್ಬಿ ನಾ ತೊಳದು ಭಾಳ ದಿನ ಆತು."

ನವೆಂಬರ್ 21. ಹೊಸಪೇಟೆ

ಹತ್ತೂಕಾಲರ ಬಸ್ಸಿಗೆ ಒಂಬತ್ತಕ್ಕೇ ಹೋಗಿ ನಿಂತೆ. ಆಗ ನಾನು ಡಬ್ಬಿಗೆ ಕಾಯುತ್ತಿದ್ದ ಬೇವಿನ ಮರದ ಜಾಗದಲ್ಲಿ ಈಗ ಕಾಂಕ್ರೀಟ್ ಪ್ಲಾಟ್‌ಫಾರ್ಮ್. ಕಂಡಕ್ಟರ್ ಹೆಣ್ಣುಮಗಳು. ಚೀಲ ಎತ್ತಿ ಹಿಡಿದಳು.

"ಕೃಷ್ಣಾನಗರದ ಡಬ್ಬಿ ಯಾರ್ದ್ರೀ? ಜಲ್ದಿ ಬರ್ರಿ!"

"ನಂದು," ಎಂದೆ. ಸ್ವಲ್ಪ ಜೋರಾಗಿಯೇ ಬಂತು ದನಿ.

ಅದೇ ದಿನ, ಸಂಜೆ 4:40

ಆರು ರೊಟ್ಟಿ. ಪುಂಡಿಪಲ್ಯ, ಶೇಂಗಾ ಚಟ್ನಿ. ಮುಚ್ಚಳದ ಮೇಲೆ ಕೊರೆಸಿದ ಹೆಸರು ಸವೆದಿದೆ, 'ಹುಲು' ಮಾತ್ರ ಓದಬಹುದು. ಆರನ್ನೂ ತಿಂದೆ. ಹೊಟ್ಟೆ ಭಾರ.

ಐದೂವರೆಗೆ ಬಸ್ಸು. ಕೈ ತೊಳೆದೆ. ಬಚ್ಚಲಿನ ನಲ್ಲಿ ನಿಲ್ಲಿಸಿಲ್ಲ, ಸುರಿಯುತ್ತಿದೆ. ಡಬ್ಬಿಯ ಅಂಚಿನಲ್ಲಿ ಚಟ್ನಿ ಒಣಗುತ್ತಿದೆ. ಎರಡು ಸಲ ಎತ್ತಿಕೊಂಡು ಹೋದೆ, ಎರಡು ಸಲವೂ ಹಾಗೇ ತಂದು ಮೇಜಿನ ಮೇಲಿಟ್ಟೆ. ಈಗ ತೊಳೆಯದೆಯೇ ಮುಚ್ಚಳ ಹಾಕಿ, ಚೀಲದಲ್ಲಿಟ್ಟು, ನಲ್ಲಿ ನಿಲ್ಲಿಸಿದೆ.